ರಾಜಮ್ಮ ಹೆಣೆದ ತಡಿಕೆ

"ಇವನ್ನ ಆಚೆಗೆ ಎಳ್ಕೊಂಡ್ ಹೋಗ್ರಪ್ಪೋ! ಹೆಂಗಸ್ರು ಇರೋ ಕಡೆ ನುಗ್ಗವ್ನೆ!"

ಎಪ್ಪತ್ತರ ದಶಕ. ಶೆಟ್ಟಿಕೆರೆ ಪಕ್ಕದ ನಮ್ಮೂರ ಟೆಂಟ್ ಸಿನಿಮಾದಲ್ಲಿ ಇಂಟರ್ವಲ್ ಆಗಿತ್ತು. ಹೆಂಗಸರು ಮೂತ್ರಕ್ಕೆ ಹೋಗಲೆಂದು ತೆಂಗಿನ ಗರಿಯ ತಡಿಕೆ ಕಟ್ಟಿ ಮರೆ ಮಾಡಿದ್ದರು. ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ರಾಜಮ್ಮನನ್ನು ಕಂಡು ಯಾರೋ ಹೀಗೆ ಕೂಗಿದ್ದೇ ತಡ, ಗೇಟಿನವನು ಬಂದು ಅವಳ ರಟ್ಟೆ ಹಿಡಿದು ಎಳೆದ. ರಾಜಮ್ಮ ಗಂಡಾಗಿ ಹುಟ್ಟಿ ಹೆಂಗಸಾಗಿ ಬಾಳುತ್ತಿದ್ದವಳು. ಊರಿನ ಮದುವೆ ಚಪ್ಪರಗಳಿಗೆಲ್ಲ ಗರಿ ಹೆಣೆದುಕೊಡುತ್ತಿದ್ದವಳೂ ಅವಳೇ. ಗಂಡಸರ ಕಡೆಗೆ ಹೋದಳು. ಅವರು ಸಿಳ್ಳೆ ಹೊಡೆದು, ಸೆರಗು ಎಳೆದು ಅಟ್ಟಿದರು.

ಮತ್ತೆ ನಮ್ಮ ಕಡೆಗೇ ಬಂದು, ತಡಿಕೆಯ ಮೇಲೆ ಕೈಯಿಟ್ಟು, "ಇದನ್ನ ಹೆಣೆದೋಳು ನಾನೇ ಕಣ್ರವ್ವಾ. ನಂಗೇ ಮರೆ ಇಲ್ವಾ?" ಎಂದಳು.

ಒಬ್ಬರೂ ದಾರಿ ಬಿಡಲಿಲ್ಲ. ಅಡ್ಡ ನಿಂತವರಲ್ಲಿ ಹೆಚ್ಚಿನವರು ಅವಳು ಹೆಣೆದ ಗರಿಯಡಿಯೇ ತಾಳಿ ಕಟ್ಟಿಸಿಕೊಂಡವರು! ಅಷ್ಟು ಜನರ ಎದುರು, ಲೈಟಿನ ಬೆಳಕಿನಲ್ಲಿ, ನಿಂತಲ್ಲೇ ಅವಳ ಸೀರೆ ಒದ್ದೆಯಾಯಿತು. ಆ ಸಿನಿಮಾ ಹೇಗೆ ಮುಗಿಯಿತೆಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಕೆಲವು ತಿಂಗಳಲ್ಲಿ ಗರಿ ಒಣಗಿ ತಡಿಕೆಯಲ್ಲಿ ಕಂಡಿಗಳು ಬಿದ್ದವು. ಹೊಸದು ಹೆಣೆಯಲು ಟೆಂಟಿನವರು ಕರೆಸಿದ್ದು ಮತ್ತೆ ರಾಜಮ್ಮನನ್ನೇ. ಮುಂದಿನ ಸಲ ಆ ಮರೆಯೊಳಗೆ ಹೋದಾಗ ಸುತ್ತ ನೋಡಿದೆ. ಹೊರಗಿನವರ ಕಣ್ಣು ನಮ್ಮ ಮೇಲೆ ಬೀಳದಂತೆ, ಕಡ್ಡಿ ತೂರುವಷ್ಟೂ ಸಂದಿ ಬಿಡದೆ ಹೆಣೆದಿದ್ದಳು.