ಅಜ್ಜಂಪುರದಿಂದ ಬಂದ ಕಾಗದ

ಯಾರಾದರೂ ನನಗೆ ಉಡುಗೊರೆ ತಂದುಕೊಟ್ಟರೆ ನಾನು ಮೊದಲು ನೋಡುವುದು ಅದರ ಮೇಲೆ ಸುತ್ತಿದ ಕಾಗದವನ್ನು. ನೋಡುವುದೆಂದರೆ ಬರಿಯ ನೋಟವಲ್ಲ. ಕನ್ನಡಕ ಏರಿಸಿ, ಮಡಿಕೆ ಬಿಡಿಸಿ, ಹಿಂದುಮುಂದು ತಿರುಗಿಸಿ, ಎಲ್ಲಾದರೂ ಒಂದು ಅಕ್ಷರ ಅವಿತುಕೊಂಡಿದೆಯೇ ಎಂದು ಹುಡುಕುತ್ತೇನೆ. ಒಳಗಿರುವ ಪಂಚೆಯೋ ಬೆಳ್ಳಿಯ ಲೋಟವೋ ಅಷ್ಟು ಹೊತ್ತು ಕಾಯಬೇಕು, ಕೊಟ್ಟವರೂ ಕಾಯಬೇಕು. ಇಷ್ಟು ವರ್ಷ ತಾಲ್ಲೂಕು ಕಚೇರಿಯಲ್ಲಿ ಕಾಗದ ತಿಂದ ಗೆದ್ದಲು, ಬುದ್ಧಿ ಎಲ್ಲಿಗೆ ಹೋದೀತು ಎಂದು ನನ್ನಾಕೆ ಬಂದವರನ್ನು ಸಮಾಧಾನಪಡಿಸುತ್ತಾಳೆ. ಆಕೆಗೆ ನಾನು ಎದುರಾಡುವುದಿಲ್ಲ. ಆದರೆ ಓದುಗ ಮಹಾಶಯರೇ, ನಿಮ್ಮ ಬಳಿ ಮಾತ್ರ ಹೇಳುತ್ತೇನೆ: ಈ ಚಟ ನನಗೆ ಅಂಟಿದ್ದು ಕಚೇರಿಯಿಂದಲ್ಲ, ನಮ್ಮ ನಂಜತ್ತೆಯ ಕತ್ತರಿಯಿಂದ.

ನಂಜತ್ತೆ ನಮ್ಮ ತಂದೆಯ ಅಕ್ಕ. ಅವಳನ್ನು ಯಗಟಿಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಕಡೂರಿನ ನಮ್ಮ ಮನೆಗೆ ಬಂದಾಗ ಅವಳು ಜೊತೆಗೆ ತಂದದ್ದು ಎರಡು ಸೀರೆ ಮತ್ತು ಕುರಿಯ ಉಣ್ಣೆ ಕತ್ತರಿಸುವ ಒಂದು ದೊಡ್ಡ ಕತ್ತರಿ. ಆ ರಾಕ್ಷಸಾಕಾರದ ಆಯುಧದಿಂದ ಅವಳು ಬಣ್ಣದ ಕಾಗದದಲ್ಲಿ ಮಲ್ಲಿಗೆ ಮೊಗ್ಗು ಕತ್ತರಿಸುವುದನ್ನು ನೋಡಲು ನೆರೆಹೊರೆಯವರು ಬಂದು ಕೂರುತ್ತಿದ್ದರು. ನಮ್ಮ ಕಡೆ ಮದುವೆಯ ಮಾತು ಕುದುರಿತೆಂದರೆ ಹೆಣ್ಣಿನ ಮನೆಯಿಂದ ಗಂಡಿನ ಮನೆಗೆ ಕೊಬ್ಬರಿ ಸಕ್ಕರೆ ಹೋಗಬೇಕು. ಎರಡು ಕೊಬ್ಬರಿ ಬಟ್ಟಲುಗಳ ನಡುವೆ ಸಕ್ಕರೆ ತುಂಬಿ, ಬಾಯಿಗೆ ಬಾಯಿ ಕೂಡಿಸಿ, ಹಸಿರು ಕಾಗದ ಸುತ್ತಿ, ಬೆಸುಗೆ ಕಾಣದಂತೆ ತರೀಕೆರೆಯಿಂದ ತರಿಸಿದ ಮಿರುಗುವ ಬೇಗಡೆಯ ಪಟ್ಟಿ ಹಾಕಿ, ನೆತ್ತಿಯ ಮೇಲೆ ಹುಣಸೆಬೀಜದ ಅಂಟಿನಿಂದ ಒಂದು ಕಮಲ ಕೂರಿಸಿದರೆ ಅದು ನಂಜತ್ತೆಯ ಕೊಬ್ಬರಿ. ಕಮಲದ ಪ್ರತಿ ದಳದ ತುದಿಯನ್ನೂ ಪೊರಕೆಕಡ್ಡಿಗೆ ಸುತ್ತಿ ಹೊರಕ್ಕೆ ಬಾಗಿಸುವುದು ಅವಳ ವಿಶೇಷ. ಬಾಗದ ದಳ ಅವಳ ಪ್ರಕಾರ ಹೂವಲ್ಲ, ಬರಿಯ ಚಿಂದಿ. ಇಷ್ಟು ಬಲ್ಲವಳಿಗೆ ಓದಲು ಮಾತ್ರ ಬರುತ್ತಿರಲಿಲ್ಲ.

ನನ್ನ ತಂಗಿ ಗೌರಿಯ ಮಾತು ಅಜ್ಜಂಪುರದ ಪಟೇಲರ ಮಗನಿಗೆ ಕುದುರಿತು. ಬಾಯಿಮಾತಿನಲ್ಲಿ ಎಲ್ಲವೂ ಮುಗಿದು ಕೊಬ್ಬರಿ ಕಳಿಸುವುದೊಂದು ಉಳಿದಿತ್ತು. ಕಮಲಕ್ಕೆ ಬೇಕಾದ ಗುಲಾಬಿ ಕಾಗದ ಕಡೂರಿನ ಅಂಗಡಿಗಳಲ್ಲಿ ಸಿಗದೆ, ಅಜ್ಜಂಪುರಕ್ಕೆ ಹತ್ತಿ ತರಲು ಹೋಗುತ್ತಿದ್ದ ಬಂಡಿ ಸಿದ್ದಣ್ಣನಿಗೆ ನಂಜತ್ತೆ, ಬರುವಾಗ ಕಾಗದ ತರಲು ಮರೆಯಬೇಡವೆಂದು ಹೇಳಿದಳು.

ಇಲ್ಲಿ ನಮ್ಮ ಭಾಷೆಯ ಮೇಲೊಂದು ಪುಟ್ಟ ದೂರು. ಬರೆಯದ ಹಾಳೆಯೂ ಕಾಗದ, ಬರೆದು ಕಳಿಸಿದ ಓಲೆಯೂ ಕಾಗದ, ಹೊಲದ ಪತ್ರವೂ ಕಾಗದ. ಇಂಥ ಔದಾರ್ಯವಿರುವ ನುಡಿಯಲ್ಲಿ ಅನಾಹುತಗಳಾಗದಿದ್ದರೆ ಆಶ್ಚರ್ಯ. ಅಂಗಡಿಯ ಮಾತನ್ನು ಮರೆತೇಬಿಟ್ಟಿದ್ದ ಸಿದ್ದಣ್ಣ, ಪಟೇಲರು ನಮ್ಮ ತಂದೆಗೆ ಕೊಡಲು ಹೇಳಿದ್ದ ಪತ್ರವನ್ನು ತಂದು ಜಗಲಿಯ ಮೇಲಿಟ್ಟು, “ತಗಳವ್ವ, ಅಜ್ಜಂಪುರದಿಂದ ಕಾಗದ ಬಂದೈತೆ” ಎಂದಷ್ಟೇ ಹೇಳಿ ಬಂಡಿ ಹೊಡೆದುಕೊಂಡು ಹೋದ. ತಂದೆ ಸಖರಾಯಪಟ್ಟಣಕ್ಕೆ ಹೋಗಿದ್ದರು. ಪಟೇಲರು ಶೋಕಿಯವರು, ಬರೆಯುವುದು ಗುಲಾಬಿ ಬಣ್ಣದ ದಪ್ಪ ಹಾಳೆಯಲ್ಲೇ. ಯಾರೋ ಗೀಚಿ ಎಂಜಲು ಮಾಡಿದ ಕಾಗದವನ್ನು ತನಗೆ ಮಾರಿದನೆಂದು ನಂಜತ್ತೆ ಕಾಣದ ಅಂಗಡಿಯವನನ್ನು ಬೈದು, ಬರೆದ ಬದಿಯನ್ನು ಒಳಕ್ಕೆ ಮಾಡಿ ಕತ್ತರಿ ಹಾಕಿದಳು. ಗೌರಿ ಪಕ್ಕದಲ್ಲಿ ಕೂತು ಅಂಟು ಕಲೆಸುತ್ತಿದ್ದಳು.

ಮರುದಿನ ಆ ಕೊಬ್ಬರಿಯನ್ನು ಅಜ್ಜಂಪುರಕ್ಕೆ ಒಯ್ದವನು ನಾನು. ಕಂಡವರ ಅರ್ಜಿಯನ್ನೆಲ್ಲ ಓದುವುದೇ ಉದ್ಯೋಗವಾಗಿದ್ದ ಹೊಸ ಗುಮಾಸ್ತ ನಾನು, ರೈಲು ಹತ್ತಿ ಬೀರೂರು ದಾಟಿ, ನಮ್ಮ ಮನೆಗೇ ಬಂದಿದ್ದ ಪತ್ರವನ್ನು ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆಯ ತೆಂಗಿನ ತೋಪುಗಳನ್ನು ನೋಡುತ್ತ ಹೋದೆ.

ಪಟೇಲರು ನನ್ನನ್ನು ಕಂಡು ಯಾಕೋ ಗಲಿಬಿಲಿಗೊಂಡರು. ತಟ್ಟೆಯಲ್ಲಿಟ್ಟ ಕೊಬ್ಬರಿಯ ಹತ್ತಿರ ಬಗ್ಗಿದರು. ದಳಗಳ ತುದಿ ಹೊರಕ್ಕೆ ಬಾಗಿತ್ತಲ್ಲ, ಒಳಬದಿಯ ಬರಹ ಅಲ್ಲಿ ಇಣುಕುತ್ತಿತ್ತು. ಒಂದು ತುದಿಯಲ್ಲಿ ‘ಓದು ಬರಹ’, ಇನ್ನೊಂದರಲ್ಲಿ ‘ನಮ್ಮ ಮನೆಗೆ’, ಎಲ್ಲಕ್ಕಿಂತ ಮುಂದಿನ ದಳದಲ್ಲಿ ದುಂಡಗೆ ‘ಬೇಡ’. ಹೆಣ್ಣು ಕನ್ಯಾಶಾಲೆಯಲ್ಲಿ ಓದು ಬರಹ ಕಲಿತವಳು, ನಮ್ಮ ಮನೆಗೆ ಒಗ್ಗುವುದಿಲ್ಲ, ಈ ಸಂಬಂಧ ಬೇಡ ಎಂಬುದೇ ಆ ಪತ್ರದ ಒಕ್ಕಣೆಯೆಂದು ಅವರ ಬಾಯಿಂದಲೇ ನನಗೆ ತಿಳಿದದ್ದು. ಅವರು ಬಹಳ ಹೊತ್ತು ಆ ಹೂವನ್ನೇ ನೋಡಿ, ತಗ್ಗಿದ ದನಿಯಲ್ಲಿ, “ನಾನು ಬೇಡ ಅಂತ ಬರ್ದಿದ್ನ ಹೂವ ಮಾಡಿ ಕಳಿಸಿದೀರಲ್ರೀ. ಇಂಥ ಮನೆ ಹೆಣ್ಣನ್ನ ಬಿಟ್ರೆ ನಾವೇ ದಡ್ರಾಯ್ತೀವಿ” ಎಂದರು. ನಾನು ತಲೆ ತಗ್ಗಿಸಿ ತಟ್ಟೆಯನ್ನು ಅವರತ್ತ ಸರಿಸಿದೆ. ಅದನ್ನು ಅವರು ಗಾಂಭೀರ್ಯವೆಂದು ತಿಳಿದರು. ಅದು ಶುದ್ಧ ಭಯ.

ಮದುವೆಯಾಯಿತು. ಮುಂದೆ ಪಟೇಲರ ಕಣ್ಣು ಮಂಜಾದಾಗ ಖಾತೆಯಿಂದ ಹಿಡಿದು ನೆಂಟರ ಓಲೆಯವರೆಗೆ ಎಲ್ಲ ಕಾಗದವನ್ನೂ ಅವರಿಗೆ ಓದಿ ಹೇಳಿದವಳು ಗೌರಿಯೇ. ನಂಜತ್ತೆಗೆ ನಾವ್ಯಾರೂ ನಿಜ ಹೇಳಲಿಲ್ಲ. ಅವಳು ತೀರಿಕೊಂಡ ಮೇಲೆ ನಾನು ಈ ಕಥೆಯನ್ನು ಕಂಡ ಕಂಡ ಮದುವೆಯ ಪಂಕ್ತಿಯಲ್ಲಿ ಹೇಳಿ ನಗಿಸುತ್ತಿದ್ದೆ. ಓದಲು ಬಾರದ ಅತ್ತೆಯಿಂದ ಓದು ಬಲ್ಲ ತಂಗಿಯ ಮದುವೆ ನಡೆಯಿತೆಂಬುದು ಅದರ ಒಗ್ಗರಣೆ.

ಹೋದ ತಿಂಗಳು ಗೌರಿ ನಮ್ಮ ಮನೆಗೆ ಬಂದಿದ್ದಾಗ ಅವಳೆದುರಿಗೂ ಅದನ್ನೇ ಹೇಳಿದೆ. ಅವಳ ತಲೆಯೂ ಈಗ ನರೆತಿದೆ. ನನ್ನ ಮಾತು ಮುಗಿದ ಮೇಲೆ, ಎಲೆಗೆ ಸುಣ್ಣ ಹಚ್ಚುತ್ತ, “ಅತ್ತೆ ಕತ್ರಿ ಹಾಕೋಕೆ ಮುಂಚೇನೇ ನಾನು ಓದಿದ್ದೆ ಕಣಣ್ಣ” ಎಂದಳು.

‘ಬೇಡ’ ಇದ್ದ ಆ ಮುಂದಿನ ದಳವನ್ನು ಕಡ್ಡಿಗೆ ಸುತ್ತಿ ಬಾಗಿಸಿದವಳೂ ತಾನೇ ಎಂದಳು. ಮದುವೆ ಉಳಿಯಲೆಂದು ಮಾಡಿದೆಯಾ ಎಂದು ಕೇಳಿದೆ.

“ಅವರು ಒಪ್ಲಿ ಅಂತ ಅಲ್ಲ. ನನ್ನ ಬೇಡ ಅಂದೋರು ಆ ಮಾತ್ನ ಒಂದ್ಸಲ ತಮ್ಮ ಕಣ್ಣಲ್ಲೇ ನೋಡ್ಲಿ ಅಂತ.”

ನನಗೆ ನಾಚಿಕೆಯಾಯಿತು. ಆ ಮಧ್ಯಾಹ್ನ ನಮ್ಮ ಮನೆಯ ಹುಡುಗಿಯೊಬ್ಬಳು ತನ್ನನ್ನು ಬೇಡವೆಂದ ಕಾಗದವನ್ನು ಓದಿಕೊಂಡು, ಅತ್ತೆಯ ಕೆಲಸ ಕೆಡಬಾರದೆಂದು ಅಳದೆ ಅಂಟು ಕಲೆಸಿದ್ದಳು. ನಾನು ಅದನ್ನು ಇಷ್ಟು ವರ್ಷ ನಗೆಯ ಪ್ರಸಂಗವಾಗಿ ಹಂಚುತ್ತಿದ್ದೆ.

ನಿನ್ನೆ ಅವಳ ಮೊಮ್ಮಗುವಿನ ನಾಮಕರಣದ ಕೊಬ್ಬರಿ ಅಜ್ಜಂಪುರದಿಂದ ಬಂತು. ಮೇಲೆ ಗುಲಾಬಿ ಕಮಲ, ನಂಜತ್ತೆಯ ಬಾಗು. ಕನ್ನಡಕ ಏರಿಸಿ ಒಂದೊಂದೇ ದಳ ಬಿಡಿಸಿದೆ. ಎಲ್ಲೂ ಒಂದಕ್ಷರವಿರಲಿಲ್ಲ. ನನ್ನಾಕೆ ಎಂದಿನಂತೆ ನಗುತ್ತಿದ್ದಳು. ನಾನು ಪೊರಕೆಯಿಂದ ಒಂದು ಕಡ್ಡಿ ಮುರಿದು ತಂದು, ಬಿಡಿಸಿದ ತುದಿಗಳನ್ನು ಒಂದೊಂದಾಗಿ ಸುತ್ತಿ ಮತ್ತೆ ಹೊರಕ್ಕೆ ಬಾಗಿಸಿದೆ.