ಹೆಬ್ಬೆರಳು ಎಣಿಸಿದ ನಾಡಿ

ಅಜ್ಜಿಯ ನಾಡಿ ನಿಮಿಷಕ್ಕೆ ನೂರಿಪ್ಪತ್ತು ಬಡಿಯುತ್ತಿತ್ತು. ನನಗೆ ಗಾಬರಿಯಾಯಿತು. ರಾಜಾಜಿನಗರದ ಆಸ್ಪತ್ರೆಯೊಂದರಲ್ಲಿ ನಾನು ನರ್ಸ್, ಅಜ್ಜಿ ನನ್ನ ವಾರ್ಡಿನ ರೋಗಿ. ಲಿಫ್ಟ್ ಕೆಟ್ಟಿದ್ದರಿಂದ ಎನ್-95 ಮಾಸ್ಕ್ ಹಾಕಿಕೊಂಡೇ ನಾಲ್ಕು ಮಹಡಿ ಹತ್ತಿ ಬಂದು, ಏದುಸಿರು ಬಿಡುತ್ತಲೇ ಅವರ ಮಣಿಕಟ್ಟು ಹಿಡಿದಿದ್ದೆ. ಡಾಕ್ಟರನ್ನು ಕರೆಯಲು ಓಡುತ್ತಿದ್ದ ನನ್ನನ್ನು ಹಿರಿಯ ಸಿಸ್ಟರ್ ತಡೆದು, ತಾವೇ ಎಣಿಸಿದರು. ಎಪ್ಪತ್ತೆರಡು.

“ಹೆಬ್ಬೆರಳಲ್ಲಿ ಹಿಡ್ಕೊಂಡಿದ್ದೆ ಅಲ್ವಾ? ಹೆಬ್ಬೆರಳಿಗೂ ನಾಡಿ ಇರುತ್ತೆ ಕಣೇ. ನೀನು ಎಣಿಸಿದ್ದು ನಿಂದೇ.”

ಮಾಸ್ಕ್ ಇದ್ದುದರಿಂದ ನನ್ನ ಮುಖ ಕೆಂಪಾದದ್ದು ಕಾಣಲಿಲ್ಲ. ಅಜ್ಜಿ ಕಾಲು ಮಡಚಿ ಮಂಚದಲ್ಲಿ ಜಾಗ ಮಾಡಿದರು. “ಕೂತ್ಕೋ ಮಗಳೇ. ಮೊದ್ಲು ನೀನು ಸುಧಾರಿಸ್ಕೋ, ಆಮೇಲೆ ನಂದು ನೋಡು.”

ಡಿಸ್ಚಾರ್ಜ್ ಆಗಿ ಮನೆಗೆ ಹೋಗುವವರೆಗೂ ಅಜ್ಜಿ ದಿನವೂ ಮೊದಲು ನನ್ನ ನಾಡಿಯನ್ನೇ ನೋಡುತ್ತಿದ್ದರು, ಅದೂ ಹೆಬ್ಬೆರಳಿನಿಂದ. ಎಣಿಸಿದ್ದು ಅವರದ್ದೇ ಇರಬೇಕು. ಉಸಿರು ಹದಕ್ಕೆ ಬರುತ್ತಿದ್ದದ್ದು ಮಾತ್ರ ನನ್ನದು.