ಆಟಿಕೆ ಕಂಪ್ಯೂಟರಿನಿಂದ ಅಳಿಸಿದ ಹೆಸರು

ಆ ವರ್ಷ ನೇತ್ರಾವತಿಯ ನೆರೆ ಬಂಟ್ವಾಳದ ಕೆಳಗಿನ ಪೇಟೆಗೆ ಹತ್ತಿ ಇಳಿದ ಮೇಲೆ, ಗಲ್ಫ್ ಸಾಮಾನಿನ ಅಂಗಡಿಯ ಕಾಕ ತಮ್ಮ ಹಾಳಾದ ಸರಕನ್ನೆಲ್ಲ ಜಗಲಿಯಲ್ಲಿ ರಾಶಿ ಹಾಕಿದ್ದರು. ಅತ್ತರಿನ ಬಾಟಲಿಗಳು, ಟಾರ್ಚುಗಳು, ಕೆಸರು ಮೆತ್ತಿದ ಕಂಬಳಿಗಳು. ನಡುವೆ ಒಂದು ಗೋಣಿಯಲ್ಲಿ ಮಕ್ಕಳ ಆಟದ ಲ್ಯಾಪ್‌ಟಾಪುಗಳು ಆರು. ನೀಲಿ ಪ್ಲಾಸ್ಟಿಕ್ಕಿನ ಮುಚ್ಚಳ, ಕೆಂಪು ಹಿಡಿ, ಎರಡು ಬೆಂಕಿಪೆಟ್ಟಿಗೆ ಸೇರಿಸಿದಷ್ಟು ಪರದೆ. ನಾನು ಬಸ್ಸಿಗೆ ಹೋಗುವ ದಾರಿಯಲ್ಲಿ ನಿಂತು ನೋಡಿದೆ.

“ನೀನು ಕಾಲೇಜಿನಲ್ಲಿ ಇಂಥದ್ದನ್ನೇ ಅಲ್ವಾ ಬಿಚ್ಚುವುದು?” ಎಂದರು ಕಾಕ. “ತಗೊಂಡು ಹೋಗು. ಇಲ್ಲಿದ್ರೆ ಸಂಜೆಗೆ ಕಸದ ಲಾರಿಗೆ ಹೋಗ್ತದೆ.”

ನಾನು ಮಿಜಾರಿನ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಲ್ಯಾಬಿನ ಇನ್‌ಸ್ಟ್ರಕ್ಟರ್ ಆಗಿದ್ದೆ. ಓದಿದ್ದು ಡಿಪ್ಲೊಮಾ. ಪಾಠ ಮಾಡುವವರು ಬೇರೆ; ಪಾಠದಲ್ಲಿ ಹೇಳಿದ್ದು ಯಂತ್ರದಲ್ಲಿ ನಡೆಯುವಂತೆ ಮಾಡುವವಳು ನಾನು. ಗೋಣಿಯನ್ನು ಬಸ್ಸಿನ ಹಿಂದಿನ ಸೀಟಿನ ಕೆಳಗೆ ತಳ್ಳಿ, ಸಿದ್ಧಕಟ್ಟೆ ದಾಟಿ ಮೂಡುಬಿದಿರೆಗೆ, ಅಲ್ಲಿಂದ ಮಿಜಾರಿಗೆ ಒಯ್ದೆ.

ಹಳೆಯ ಟೂತ್‌ಬ್ರಷ್ಷಿನಿಂದ ಕೆಸರು ತೆಗೆದು ಮೊದಲನೆಯದನ್ನು ಬಿಚ್ಚಿದಾಗ ನನಗೆ ನಗು ಬಂತು. ಒಳಗಿದ್ದ ಪ್ರೊಸೆಸರ್, ನಮ್ಮ ಲ್ಯಾಬಿನ ಹಳೆಯ ಕಿಟ್ಟುಗಳಲ್ಲಿ ವಿದ್ಯಾರ್ಥಿಗಳು ಗೊಣಗುತ್ತಾ ಕಲಿಯುತ್ತಿದ್ದ ಝೆಡ್-80ಯ ಜಾತಿಯದ್ದೇ. “ಎ ಫಾರ್ ಆಪಲ್” ಎಂದು ಹೇಳಿಸುವುದಕ್ಕೆ ಅಷ್ಟು ದೊಡ್ಡ ತಲೆಯನ್ನು ಕೂರಿಸಿದ್ದರು.

ನಾನು ಅದನ್ನು ಮೊದಲು ತೋರಿಸಿದ್ದು ಅಕ್ಕನಿಗೆ. ಅವರು ನಮ್ಮ ವಿಭಾಗದ ಉಪನ್ಯಾಸಕಿ. ನನಗಿಂತ ಆರು ವರ್ಷ ದೊಡ್ಡವರು. ಕಾಲೇಜಿನಲ್ಲಿ ಮೇಡಂ, ಹೊರಗೆ ಅಕ್ಕ. ನನ್ನ ಅಮ್ಮನಿಗೆ ಆಪರೇಷನ್ ಆದಾಗ ಎರಡು ದಿನ ಆಸ್ಪತ್ರೆಯ ನೆಲದ ಮೇಲೆ ಚಾಪೆ ಹಾಸಿ ನನ್ನ ಜೊತೆ ಮಲಗಿದ್ದವರು. ಇದನ್ನು ಹೇಳದೆ ಮುಂದಿನದನ್ನು ಹೇಳಿದರೆ ನಾನು ಸುಳ್ಳು ಹೇಳಿದ ಹಾಗೆ.

ಅಕ್ಕ ಇಂಗ್ಲಿಷನ್ನು ನೀರು ಕುಡಿದ ಹಾಗೆ ಓದುತ್ತಿದ್ದರು. ಒಂದು ವಾರದಲ್ಲಿ ಕಾಲೇಜಿನ ಇಂಟರ್‌ನೆಟ್ಟಿನಿಂದ ಎಂಟು ಹಾಳೆ ಪ್ರಿಂಟ್ ತೆಗೆದು ತಂದರು. ಹೊರದೇಶಗಳಲ್ಲಿ ಕೆಲವರು ಇಂಥ ಆಟಿಕೆಗಳ ಮೇಲೆ ಸಿಪಿ/ಎಂ ಎಂಬ, ಡಾಸ್‌ಗಿಂತ ಹಳೆಯ ಆಪರೇಟಿಂಗ್ ಸಿಸ್ಟಮ್ ಓಡಿಸುತ್ತಾರಂತೆ. “ನಾವೂ ಮಾಡುವ,” ಎಂದರು ಅಕ್ಕ. “ಆಗ್ತದೆ ಅಂತ ಗೊತ್ತಾಯ್ತಲ್ಲ, ಇನ್ನು ಎಂತ?”

ಶನಿವಾರ ಮಧ್ಯಾಹ್ನದ ಮೇಲೆ ಪುತ್ತಿಗೆಯ ಅವರ ಬಾಡಿಗೆ ಮನೆಯಲ್ಲಿ ಕೆಲಸ ಶುರುವಾಯಿತು. ಆಟಿಕೆಯ ಬದಿಯಲ್ಲಿ ಬೇರೆ ಆಟಗಳ ಕಾರ್ಟ್ರಿಡ್ಜ್ ಸಿಕ್ಕಿಸುವ ಸಂದೊಂದಿತ್ತು. ಅಲ್ಲಿ ಏನಾದರೂ ಸಿಕ್ಕಿಸಿದರೆ ಯಂತ್ರ ತನ್ನ ಆಪಲ್ಲು ಬಾಲ್ಲುಗಳನ್ನು ಬಿಟ್ಟು ಅದರ ಮಾತನ್ನೇ ಕೇಳುತ್ತದೆ. ನಾನು ಆ ಸಂದಿಗೆ ಹೊಂದುವ ಸಣ್ಣ ಬೋರ್ಡು ಮಾಡಿ, ಅದರ ಮೇಲೆ ಪ್ರೋಗ್ರಾಂ ಬರೆಯುವ ಚಿಪ್ಪು ಒಂದು, ಹೆಚ್ಚಿನ ಮೆಮೊರಿ ಒಂದು ಕೂರಿಸಿದೆ. ಡಿಸ್ಕ್ ಇಲ್ಲದ ಯಂತ್ರಕ್ಕೆ ಮೆಮೊರಿಯ ಒಂದು ತುಂಡನ್ನೇ ಡಿಸ್ಕ್ ಎಂದು ನಂಬಿಸಬೇಕಾಗಿತ್ತು. ಕೀಲಿಗಳನ್ನು ಯಾವ ಕ್ರಮದಲ್ಲಿ ಜೋಡಿಸಿದ್ದಾರೆ ಎಂದು ಒಂದೊಂದಾಗಿ ಒತ್ತಿ ಮೀಟರಿನಿಂದ ಹುಡುಕುವುದಕ್ಕೇ ಎರಡು ತಿಂಗಳು ಹೋಯಿತು. ಅಕ್ಕ ಓದಿ ಹೇಳುತ್ತಿದ್ದರು, ಚಹಾ ಮಾಡುತ್ತಿದ್ದರು, ನಾನು ಸೋತು ಕೂತಾಗ ಬೈಯುತ್ತಿದ್ದರು. ಬರೆದದ್ದು, ಬೆಸೆದದ್ದು, ಸುಟ್ಟುಕೊಂಡದ್ದು ನಾನು.

ಒಂದು ಶನಿವಾರ ಪರದೆಯ ಮೂಲೆಯಲ್ಲಿ ಇಂಗ್ಲಿಷಿನ ‘ಎ’ ಅಕ್ಷರ, ಅದರ ಪಕ್ಕ ಒಂದು ಬಾಣದ ತಲೆ ಮೂಡಿ, ಅಪ್ಪಣೆಗೆ ಕಾಯುತ್ತಾ ನಿಂತಿತು. ಅಕ್ಕ ನನ್ನ ಎರಡೂ ಕೆನ್ನೆ ಹಿಡಿದು ಅಲ್ಲಾಡಿಸಿದರು. ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಮೊರದಲ್ಲಿ ಬೀಡಿ ಕಟ್ಟುತ್ತಿದ್ದವರು ತಲೆ ಎತ್ತದೆ ಕೇಳಿದರು: “ಸಿಪಿಎಂ ಅಂದ್ರೆ ನಮ್ಮ ಬೀಡಿ ಯೂನಿಯನಿನವರದ್ದಾ?”

ಕನ್ನಡ ಅಕ್ಷರ ಕೂರಿಸುವ ಆಲೋಚನೆ ನನ್ನದು. ಬೆಳ್ತಂಗಡಿಯ ಹತ್ತಿರ ನಾನು ಏಳನೆಯವರೆಗೆ ಓದಿದ ಶಾಲೆಯಲ್ಲಿ ಆಗ ಒಂದು ಕಂಪ್ಯೂಟರೂ ಇರಲಿಲ್ಲ. ನನಗೆ ಕಲಿಸಿದ ಮಾಸ್ಟ್ರೇ ಹೆಡ್‌ಮಾಸ್ಟ್ರಾಗಿದ್ದರು. ಆರು ಆಟಿಕೆಗಳನ್ನೂ ಅಲ್ಲಿಗೆ ಕೊಡುವುದೆಂದು ಮಾತಾಯಿತು. ಮಕ್ಕಳು ಕನ್ನಡದಲ್ಲಿ ಬರೆಯಬೇಕು, ಲೆಕ್ಕ ಮಾಡಬೇಕು. ಗ್ರಾಫ್ ಪುಸ್ತಕದ ಚೌಕಗಳನ್ನು ಪೆನ್ಸಿಲಿನಿಂದ ತುಂಬಿ ಒಂದೊಂದೇ ಅಕ್ಷರ ಬರೆದೆ. ‘ಅ’ ಸುಲಭ. ‘ಕ್ಷ’ದ ಎದುರು ಮೂರು ದಿನ ಕೂತೆ. ಒತ್ತಕ್ಷರಕ್ಕೆ ಜಾಗ ಸಾಲದೆ, ಒಂದು ಸಾಲಿನ ಜಾಗಕ್ಕೆ ಎರಡು ಸಾಲು ಕೊಟ್ಟು ಹೇಗೋ ಒಗ್ಗಿಸಿದೆ. ಪುಸ್ತಕ ತುಂಬಿತು. ಉಳಿದ ಐದು ಆಟಿಕೆಗಳಿಗೂ ಅಂಥದ್ದೇ ಬೋರ್ಡು ಮಾಡಿ ಕೂರಿಸಿದೆ.

ಯಂತ್ರ ಹಾಕಿದ ಕೂಡಲೇ “ನಮಸ್ಕಾರ. ಇದನ್ನು ಮಾಡಿದವರು” ಎಂದು ಬಂದು, ಕೆಳಗೆ ಎರಡು ಹೆಸರು ಬರುವಂತೆ ಬರೆದಿದ್ದೆ. ದೊಡ್ಡವರಾದ್ದರಿಂದ ಮೊದಲು ಅಕ್ಕನದು, ಆಮೇಲೆ ನನ್ನದು. ನಾನು ರಜೆಯಲ್ಲಿದ್ದರೆ ತೊಂದರೆಯಾಗಬಾರದೆಂದು, ಚಿಪ್ಪನ್ನು ನೇರಳಾತೀತ ದೀಪದಡಿ ಇಟ್ಟು ಹೇಗೆ ಅಳಿಸುವುದು, ಮತ್ತೆ ಹೇಗೆ ಬರೆಯುವುದು ಎಂಬುದನ್ನು ಅಕ್ಕನಿಗೆ ಹಂತ ಹಂತವಾಗಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಟ್ಟೆ. ಅವರಿಗೆ ಆ ಕೆಲಸ ಗೊತ್ತಿರಲಿಲ್ಲ.

ಶಾಲೆಯ ಕಾರ್ಯಕ್ರಮ ಒಂದು ಶುಕ್ರವಾರ. ನಮ್ಮ ವಿಭಾಗದ ಮುಖ್ಯಸ್ಥರು, ಒಬ್ಬ ಪತ್ರಿಕಾ ವರದಿಗಾರ, ಊರಿನ ಹಿರಿಯರು ನಾಲ್ವರು, ಚಾಪೆಯ ಮೇಲೆ ಮಕ್ಕಳು. ಹಿಂದಿನ ವಾರ ನನಗೆ ಜ್ವರ. ಆಟಿಕೆಗಳು ಅಕ್ಕನ ಹತ್ತಿರ ಇದ್ದವು. ವೇದಿಕೆಯ ಪಕ್ಕದ ಮೇಜಿನ ಮೇಲೆ ಅವನ್ನು ಸಾಲಾಗಿಟ್ಟು ಬ್ಯಾಟರಿ ಹಾಕಿ ಒಂದನ್ನು ಒತ್ತಿದೆ.

ನಮಸ್ಕಾರ. ಇದನ್ನು ಮಾಡಿದವರು. ಅಕ್ಕನ ಹೆಸರು. ಅದರ ಕೆಳಗೆ ಖಾಲಿ.

ಚಿಪ್ಪು ಕೆಟ್ಟಿರಬೇಕು ಎಂದುಕೊಂಡೆ. ನಿಜವಾಗಿಯೂ ಹಾಗೆಯೇ ಅಂದುಕೊಂಡೆ. ಎರಡನೆಯದನ್ನು ಹಾಕಿದೆ, ಮೂರನೆಯದನ್ನು ಹಾಕಿದೆ, ಆರೂ ಹಾಗೆಯೇ. ಆರು ಚಿಪ್ಪುಗಳು ಒಟ್ಟಿಗೆ ಒಂದೇ ಸಾಲನ್ನು ಮರೆಯುವುದಿಲ್ಲ. ಪ್ರತಿಯೊಂದನ್ನೂ ದೀಪದಡಿ ಇಪ್ಪತ್ತು ನಿಮಿಷ ಇಡಬೇಕು, ಕಾಯಬೇಕು, ತೆಗೆದು ಮತ್ತೆ ಬರೆಯಬೇಕು. ಅಷ್ಟು ಹೊತ್ತು ಅವರು ನನ್ನದೇ ನೋಟ್‌ಬುಕ್ಕನ್ನು ಪಕ್ಕದಲ್ಲಿಟ್ಟುಕೊಂಡು, ನನ್ನ ಅಕ್ಷರದಲ್ಲಿ ‘ಈಗ ಹೀಗೆ ಮಾಡಿ ಅಕ್ಕ’ ಎಂದು ಬರೆದದ್ದನ್ನು ಓದುತ್ತಾ ಕೂತಿರಬೇಕು.

ಅಕ್ಕ ಮೈಕಿನಲ್ಲಿ ಹೇಳುತ್ತಿದ್ದರು: “ಒಂದು ವರ್ಷ ನನ್ನ ಮನೆಯ ಊಟದ ಮೇಜಿನ ಮೇಲೆ ಇದನ್ನು ಹರಡಿಕೊಂಡು ಕೂತಿದ್ದೆ. ನಮ್ಮ ಲ್ಯಾಬಿನ ಹುಡುಗಿ ಬೆಸುಗೆಯ ಕೆಲಸದಲ್ಲಿ ತುಂಬಾ ಸಹಾಯ ಮಾಡಿದ್ದಾಳೆ.”

ಲ್ಯಾಬಿನ ಹುಡುಗಿಗೆ ಆಗ ಮೂವತ್ತೊಂದು ವರ್ಷ. ಮಾಸ್ಟ್ರು ನನ್ನ ಕಡೆ ನೋಡಿ ಚಪ್ಪಾಳೆ ತಟ್ಟಿದರು. ನಾನು ಮಕ್ಕಳಿಗೆ ಕೀಲಿ ಒತ್ತುವುದನ್ನು ಹೇಳಿಕೊಡುತ್ತಾ ಕೆಳಗೆ ಬಗ್ಗಿಯೇ ಇದ್ದೆ. ಎದ್ದು ನಿಂತರೆ ಮುಖ ಕಾಣುತ್ತದಲ್ಲ.

ಮುಖ್ಯಸ್ಥರು ಕಾರಿನಲ್ಲಿ ಹೋದರು. ನಾವಿಬ್ಬರು ಬೆಳ್ತಂಗಡಿ ಬಸ್‌ಸ್ಟ್ಯಾಂಡಿನಲ್ಲಿ ನಿಂತೆವು.

“ಅಕ್ಕ, ನನ್ನ ಹೆಸರು ಎಲ್ಲಿ ಹೋಯ್ತು?”

ಅವರು ಬ್ಯಾಗಿನಲ್ಲಿ ಕರ್ಚೀಫು ಹುಡುಕಿದರು. “ಅದಾ? ತೆಗೀಬೇಕಾಯ್ತು ಮಾರಾಯ್ತಿ. ಸೆಮಿನಾರಿನ ಪ್ರಬಂಧ ನನ್ನ ಒಬ್ಬಳ ಹೆಸರಲ್ಲಿ ಉಂಟು. ಯಂತ್ರದಲ್ಲಿ ಎರಡು ಹೆಸರು ಕಂಡ್ರೆ ಕೇಳ್ತಾರೆ.”

“ಯಾವ ಪ್ರಬಂಧ?”

“ನಿನಗೆ ಹೇಳಿದ್ದೆ ಅಲ್ವಾ?”

“ಇಲ್ಲ.”

“ಹೇಳಿದ್ದೆ ಅಂತ ನೆನಪು.” ಅವರು ಬಸ್ಸು ಬರುವ ಕಡೆ ನೋಡಿದರು. “ನೋಡು, ನಿನ್ನದು ಡಿಪ್ಲೊಮಾ. ಅದರಲ್ಲಿ ಹೆಸರು ಬಂದ್ರೆ ನಿನಗೆ ಎಂತ ಸಿಗ್ತದೆ? ನನಗಾದ್ರೆ ಪಿಎಚ್‌ಡಿಗೆ ಆಗ್ತದೆ. ನಾನು ಮೇಲೆ ಹೋದ್ರೆ ನಿನ್ನನ್ನು ಬಿಡ್ತೇನಾ?”

“ಕನ್ನಡ ಅಕ್ಷರದ್ದು?”

“ಅದೂ ಉಂಟು ಅದ್ರಲ್ಲಿ,” ಎಂದರು, ಸ್ವಲ್ಪ ತಗ್ಗಿದ ದನಿಯಲ್ಲಿ.

ಆಮೇಲೆ ಆ ಪ್ರಬಂಧವನ್ನು ನೋಡಿದೆ. ನನ್ನ ಗ್ರಾಫ್ ಪುಸ್ತಕದ ಎರಡು ಪುಟಗಳನ್ನು ಹಾಗೇ ಜೆರಾಕ್ಸ್ ಮಾಡಿ ಚಿತ್ರವೆಂದು ಹಾಕಿದ್ದರು. ‘ಕ್ಷ’ದ ಪಕ್ಕ ನಾನು ಬೇಸರದಲ್ಲಿ ಹಾಕಿದ್ದ ಪ್ರಶ್ನೆ ಚಿಹ್ನೆಯೂ ಅಚ್ಚಾಗಿತ್ತು. ಪುಸ್ತಕ ಹಿಡಿದುಕೊಂಡು ಮುಖ್ಯಸ್ಥರ ಕೋಣೆಗೆ ಹೋದೆ. ಅವರು ನಾಲ್ಕು ಪುಟ ತಿರುಗಿಸಿ, “ಅಕ್ಷರ ಚಂದ ಉಂಟು,” ಎಂದರು. “ನೀವಿಬ್ಬರೂ ಕೂತು ಮಾತಾಡಿ ಮುಗಿಸಿ. ಇದೆಲ್ಲ ಹೊರಗೆ ಹೋದ್ರೆ ಕಾಲೇಜಿಗೆ ಒಳ್ಳೇದಲ್ಲ.” ನಾನು ಪುಸ್ತಕ ತೆಗೆದುಕೊಂಡು ಬಂದೆ. ಕೂತು ಮಾತಾಡಲಿಲ್ಲ. ಪುತ್ತಿಗೆಗೆ ಹೋಗುವುದು ನಿಂತಿತು.

ಅಮ್ಮನಿಗೆ ಹೇಳಲಿಲ್ಲ. ಅಮ್ಮ ಬೇಸಗೆಯಲ್ಲಿ ಹಲಸಿನ ಹಪ್ಪಳ ಮಾಡಿದಾಗ ಅಕ್ಕನ ಪಾಲೆಂದು ಒಂದು ಡಬ್ಬಿ ತುಂಬಿಸಿಡುತ್ತಿದ್ದರು. ನಾನು ಅದನ್ನು ಒಯ್ದು, ಅವರು ಕ್ಲಾಸಿಗೆ ಹೋದ ಸಮಯ ನೋಡಿ ಅವರ ಮೇಜಿನ ಮೇಲೆ ಇಟ್ಟು ಬರುತ್ತಿದ್ದೆ. ಖಾಲಿ ಡಬ್ಬಿ ಎರಡು ದಿನದಲ್ಲಿ ಲ್ಯಾಬಿನ ಬಾಗಿಲ ಹತ್ತಿರ ಇರುತ್ತಿತ್ತು, ತೊಳೆದು.

ಶಾಲೆಯ ಕಾರ್ಯಕ್ರಮ ಆಗಿ ನಾಲ್ಕು ತಿಂಗಳಾದ ಮೇಲೆ ಮಾಸ್ಟ್ರ ಫೋನು ಬಂತು. “ಆರೂ ಮಲಗಿದವು ಮಗಾ. ಮೇಡಮ್ಮಿಗೆ ಫೋನ್ ಮಾಡಿದೆ, ಬರ್ತೇನೆ ಅಂದ್ರು, ಬರ್ಲಿಲ್ಲ. ನಿನಗೆ ಗೊತ್ತಾಗ್ತದಾ?”

ಹೋಗಿ ನೋಡಿದೆ. ಆಟಿಕೆಗಳನ್ನು ಬಿಸಿಲು ಬೀಳುವ ಜಗಲಿಯ ಬೆಂಚಿನ ಮೇಲೆ ಇಟ್ಟಿದ್ದರು. ಆ ಚಿಪ್ಪಿನ ನೆತ್ತಿಯಲ್ಲಿ ಒಂದು ಗಾಜಿನ ಕಿಂಡಿ ಇರುತ್ತದೆ. ಬರೆದಾದ ಮೇಲೆ ಅದರ ಮೇಲೆ ಬೆಳಕು ತಾಗದಂತೆ ಪಟ್ಟಿ ಅಂಟಿಸಬೇಕು. ಇಲ್ಲದಿದ್ದರೆ ಬಿಸಿಲು ದಿನಾ ಸ್ವಲ್ಪ ಸ್ವಲ್ಪ ಅಳಿಸುತ್ತಾ ಬರುತ್ತದೆ. ನಾನು ಅಂಟಿಸಿದ್ದ ಪಟ್ಟಿಗಳನ್ನು ಅಕ್ಕ ಕಿತ್ತಿದ್ದರು, ಹೊಸದು ಹಾಕಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಆ ಮಾತನ್ನು ಬರೆಯುವುದು ನನಗೆ ಮರೆತುಹೋಗಿತ್ತು.

ಚಿಪ್ಪುಗಳನ್ನು ತಂದು ಊಟದ ಬಿಡುವಿನಲ್ಲಿ ಮತ್ತೆ ಬರೆಯಲು ಕೂತೆ. ಎರಡು ಹೆಸರಿನ ಹಳೆಯ ಫೈಲು ನನ್ನ ಹತ್ತಿರ ಇತ್ತು. ಅದನ್ನು ತೆರೆದೆ. ಮೊದಲನೆಯ ಹೆಸರನ್ನು ಅಳಿಸಿದೆ. ಆರೂ ಚಿಪ್ಪುಗಳಿಗೆ ನನ್ನ ಹೆಸರೊಂದನ್ನೇ ಬರೆದು, ಪಟ್ಟಿ ಅಂಟಿಸಿ, ಮುಂದಿನ ಶನಿವಾರ ಶಾಲೆಗೆ ಒಯ್ದೆ.

ಮಾಸ್ಟ್ರು ಕನ್ನಡಕ ಏರಿಸಿ ಪರದೆ ಓದಿದರು. “ಮೊದಲು ಬೇರೆ ಹೆಸರು ಇತ್ತಲ್ಲ?”

“ಅದು ತಪ್ಪಿತ್ತು ಸರ್. ಸರಿ ಮಾಡಿದ್ದೇನೆ.”

ಅವರು ನನ್ನನ್ನೇ ನೋಡಿದರು. ಐದನೆಯ ಕ್ಲಾಸಿನಲ್ಲಿ ನಾನು ಪಕ್ಕದವಳ ಲೆಕ್ಕ ನೋಡಿ ಬರೆದಾಗಲೂ ಹೀಗೇ ನೋಡಿದ್ದರು. “ಒಬ್ಬಳೇ ಮಾಡಿದ್ದಾ?” ಎಂದರು. ನಾನು ಹೌದೆಂದು ತಲೆ ಆಡಿಸಿದೆ. ಆ ಎಂಟು ಹಾಳೆ ಪ್ರಿಂಟು ತಂದವರು ಯಾರು, ನಾನು ಬಿಟ್ಟುಬಿಡುತ್ತೇನೆ ಎಂದಾಗ ಬೈದವರು ಯಾರು, ನನಗೆ ಗೊತ್ತಿತ್ತು. ಮನೆಗೆ ಬರುವಾಗ ಗೆದ್ದೆ ಎಂದು ಅನ್ನಿಸಬೇಕಾಗಿತ್ತು, ಅನ್ನಿಸಲಿಲ್ಲ. ಆದರೂ ಅದನ್ನು ತಿದ್ದಲು ಮತ್ತೆ ಹೋಗಲಿಲ್ಲ. ಆಟಿಕೆಗಳು ಇನ್ನೂ ಮೂರು ವರ್ಷ ಓಡಿದವಂತೆ. ಆಮೇಲೆ ಶಾಲೆಗೆ ಸರಕಾರದಿಂದ ನಿಜವಾದ ಕಂಪ್ಯೂಟರುಗಳು ಬಂದವು.

ಅಕ್ಕ ಪಿಎಚ್‌ಡಿ ಮುಗಿಸಿ ಬೇರೆ ಊರಿನ ಕಾಲೇಜಿಗೆ ಹೋದರು. ನಾನು ಅದೇ ಲ್ಯಾಬಿನಲ್ಲಿ ಉಳಿದೆ. ಆ ಮೇಲೆ ಏನಾದರೂ ಹೊಸದನ್ನು ಮಾಡುವಾಗ ಅದನ್ನು ಯಾರಿಗೂ ತೋರಿಸದೆ ಮಾಡುವುದು ಅಭ್ಯಾಸವಾಯಿತು. ಹಾಗೆ ಮಾಡಿದ್ದು ಹೆಚ್ಚೇನೂ ಮುಂದೆ ಹೋಗಲಿಲ್ಲ.

ಕೆಲವು ವರ್ಷಗಳ ನಂತರ ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ಅವರು ಸಿಕ್ಕಿದರು. ಕೂದಲು ಬೆಳ್ಳಗಾಗಿತ್ತು. ಹತ್ತಿರ ಬಂದು ನನ್ನ ಮೊಣಕೈ ಹಿಡಿದರು.

“ಅಮ್ಮ ಹೇಗಿದ್ದಾರೆ?”

“ಇದ್ದಾರೆ.”

“ನೀನು ಈಗಲೂ ನನ್ನ ಹತ್ತಿರ ಮಾತಾಡುದಿಲ್ವಾ? ಇನ್ನೂ ಅದನ್ನೇ ಹಿಡ್ಕೊಂಡಿದ್ದೀಯಾ?”

“ಹೌದು ಅಕ್ಕ,” ಎಂದೆ. ಬೇರೆ ಏನು ಹೇಳಿದ್ದರೂ ಸುಳ್ಳಾಗುತ್ತಿತ್ತು.

ಅವರು ಕೈ ಬಿಡಲಿಲ್ಲ. ಬಂಟ್ವಾಳದ ಬಸ್ಸು ಬಂದು ನಿಂತಿತು. ನಾನೇ ಮೆಲ್ಲಗೆ ಕೈ ಬಿಡಿಸಿಕೊಂಡು ಹತ್ತಿದೆ. ಅವರು ನಿಂತಿದ್ದ ಬದಿಯ ಕಿಟಕಿಯ ಸೀಟು ಖಾಲಿ ಇತ್ತು. ನಾನು ಆಚೆ ಬದಿಯಲ್ಲಿ ಕೂತೆ.